ಕಾಲು ಮೆಷಿನ್ನಿನಲ್ಲೇ ಬುಟ್ಟಾ: ಫುಟ್ ಕಳಚಿ, ರಿಂಗ್ ಬಿಗಿಯಿರಿ

ರವಿಕೆಯ ತೋಳಿಗೆ ನಾಲ್ಕು ಮಾವಿನಕಾಯಿ ಬುಟ್ಟಾ ಹಾಕಲು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಗೇ ಹೋಗಬೇಕೆಂದಿಲ್ಲ. ನೇರ ಹೊಲಿಗೆ ಬಿಟ್ಟರೆ ಬೇರೇನೂ ಬಾರದ ಮನೆಯ ಕಾಲು ಮೆಷಿನ್ ಸಾಕು. ಹೊಸ ಯಂತ್ರ, ಹೊಸ ಮೋಟರ್ ಯಾವುದೂ ಬೇಡ. ಬೇಕಾಗಿರುವುದು ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಒಂದು ಮರದ ರಿಂಗ್, ಸರಿಯಾದ ಸೂಜಿ, ಮತ್ತು ಮೆಷಿನ್ ಹೇಗೆ ಹೊಲಿಯುತ್ತದೆ ಎಂಬುದರ ಬಗ್ಗೆ ಸ್ವಲ್ಪ ತಿಳಿವಳಿಕೆ.

ಮೊದಲು ಆ ತಿಳಿವಳಿಕೆ. ಸೂಜಿ ಬಟ್ಟೆಯೊಳಗೆ ಪೂರ್ತಿ ಇಳಿದು, ಮತ್ತೆ ಸುಮಾರು ಎರಡು ಮಿಲಿಮೀಟರ್ ಮೇಲೇರುವಾಗ ಅದರ ಕಣ್ಣಿನ ಹತ್ತಿರ ದಾರ ಸಣ್ಣದಾಗಿ ಉಬ್ಬಿ ಕುಣಿಕೆಯಾಗುತ್ತದೆ. ಶಟಲ್‌ನ ಕೊಕ್ಕೆ ಆ ಕುಣಿಕೆಯೊಳಗೆ ತೂರಿ, ದಾರವನ್ನು ಕೆಳಗಿನ ದಾರ ಸುತ್ತಿರುವ ಬಾಬಿನ್ನಿನ ಸುತ್ತ ಒಯ್ದು ಗಂಟು ಹಾಕುತ್ತದೆ. ಕುಣಿಕೆ ಉಬ್ಬಬೇಕಾದರೆ ಸೂಜಿ ಮೇಲೇರುವಾಗ ಬಟ್ಟೆ ಕೆಳಗೇ ಇರಬೇಕು. ಸಾಮಾನ್ಯ ಹೊಲಿಗೆಯಲ್ಲಿ ಬಟ್ಟೆಯನ್ನು ಹಾಗೆ ಒತ್ತಿ ಹಿಡಿಯುವುದು ಪ್ರೆಸರ್ ಫುಟ್. ಎಂಬ್ರಾಯ್ಡರಿಗೆ ಬಟ್ಟೆ ಎಲ್ಲ ದಿಕ್ಕಿಗೂ ಓಡಾಡಬೇಕಾದ್ದರಿಂದ ಫುಟ್ ತೆಗೆಯುತ್ತೇವೆ. ಆಗ ಅದರ ಕೆಲಸ ಪೂರ್ತಿಯಾಗಿ ರಿಂಗ್‌ನ ಮೇಲೆ ಬೀಳುತ್ತದೆ. ಬಟ್ಟೆ ಸಡಿಲವಾಗಿದ್ದರೆ ಸೂಜಿಯ ಜೊತೆಗೇ ಮೇಲೇಳುತ್ತದೆ, ಕುಣಿಕೆ ಆಗುವುದಿಲ್ಲ, ಹೊಲಿಗೆ ತಪ್ಪುತ್ತದೆ. ಕಲಿಯುವವರು ‘ಮೆಷಿನ್ ಕೆಟ್ಟಿದೆ’ ಎಂದು ಮೆಕ್ಯಾನಿಕ್‌ನನ್ನು ಕರೆಸುವ ಸಂದರ್ಭಗಳಲ್ಲಿ ಬಹುಪಾಲು ಕೆಟ್ಟಿರುವುದು ಮೆಷಿನ್ ಅಲ್ಲ, ಸಡಿಲವಾಗಿರುವುದು ರಿಂಗ್.

ಏನೇನು ಕೊಳ್ಳಬೇಕು

8 ಇಂಚಿನ ಮರದ ರಿಂಗ್ ಒಂದು, ಸ್ಕ್ರೂ ಇರುವಂಥದ್ದು. ರಿಂಗ್‌ನ ಎತ್ತರ 8 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ಸೂಜಿಯ ಕೆಳಗೆ ನುಸುಳಿಸುವುದು ಕಷ್ಟ. ಕೈ ಕಸೂತಿಗೆಂದು ಮಾರುವ ದಪ್ಪ ರಿಂಗ್ ತರಬೇಡಿ. ಪ್ಲಾಸ್ಟಿಕ್ ರಿಂಗ್ ಜಾರುತ್ತದೆ. ಮನೆಗೆ ತಂದ ಕೂಡಲೇ ಒಳ ರಿಂಗ್‌ಗೆ ಅರ್ಧ ಇಂಚು ಅಗಲದ ಹಳೆಯ ಕಾಟನ್ ಪಟ್ಟಿಯನ್ನು ಓರೆಯಾಗಿ, ಒತ್ತಾಗಿ ಸುತ್ತಿ ತುದಿಯನ್ನು ಹೊಲಿದುಬಿಡಿ. ಇದರಿಂದ ಬಟ್ಟೆ ಜಾರುವುದಿಲ್ಲ, ರೇಷ್ಮೆಯ ಮೇಲೆ ಮರದ ಗೀರೂ ಬೀಳುವುದಿಲ್ಲ.

ಸೂಜಿ 11 ಮತ್ತು 14ನೇ ನಂಬರಿನವು. ತೆಳು ಕಾಟನ್, ಕ್ರೇಪ್‌ಗೆ 11. ಪಾಪ್ಲಿನ್, ರಾ ಸಿಲ್ಕ್‌ಗೆ 14. ಒಂದೊಂದೇ ಅಲ್ಲ, ಪ್ಯಾಕೆಟ್ ಕೊಳ್ಳಿ, ಮುರಿದೇ ಮುರಿಯುತ್ತವೆ. ಮೇಲಿನ ದಾರಕ್ಕೆ ರೇಯಾನ್ ಎಂಬ್ರಾಯ್ಡರಿ ದಾರ, ಲೇಬಲ್ ಮೇಲೆ 120/2 ಎಂದಿರುತ್ತದೆ. ಹೊಳಪು ಚೆನ್ನ, ಆದರೆ ಒದ್ದೆಯಾದಾಗ ಅದರ ಬಲ ಕಡಿಮೆಯಾಗುತ್ತದೆ. ಮಕ್ಕಳ ಬಟ್ಟೆ, ದಿಂಬಿನ ಕವರ್‌ನಂತೆ ಪದೇ ಪದೇ ಒಗೆಯುವುದಕ್ಕೆ ಪಾಲಿಯೆಸ್ಟರ್ ಎಂಬ್ರಾಯ್ಡರಿ ದಾರ ವಾಸಿ. ಬಾಬಿನ್ನಿಗೆ ತೆಳುವಾದ ಕಾಟನ್ ದಾರ. ಅಭ್ಯಾಸಕ್ಕೆ ಅರ್ಧ ಮೀಟರ್ ಬಿಳಿ ಪಾಪ್ಲಿನ್, ಬಟ್ಟೆಯ ಕೆಳಗೆ ಆಧಾರವಾಗಿ ಹಾಕಲು ಒಂದಿಷ್ಟು ಪೇಪರ್ ಫ್ಯೂಸಿಂಗ್.

ಮೆಷಿನ್ ಸಿದ್ಧತೆ

ಬಾಬಿನ್ ಕೇಸ್ ಹೊರಗೆ ತೆಗೆದು ಶಟಲ್ ಸುತ್ತ ಕೂತಿರುವ ಹತ್ತಿಯ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಶಟಲ್ ಓಡುವ ಜಾಗಕ್ಕೆ ಒಂದೇ ಹನಿ ಮೆಷಿನ್ ಎಣ್ಣೆ. ಹಳೆ ಬಟ್ಟೆಯ ಮೇಲೆ ಎರಡು ನಿಮಿಷ ಹೊಲಿದು ಎಣ್ಣೆ ಚಿಮ್ಮುವುದು ನಿಂತ ಮೇಲೆ ಒಳ್ಳೆ ಬಟ್ಟೆ ಇಡಿ. ಸೂಜಿಯಲ್ಲಿ ಉದ್ದ ಗೀರು ಇರುವ ಕಡೆಯಿಂದ ದಾರ ಒಳಗೆ ಹೋಗಬೇಕು, ಚಪ್ಪಟೆ ಬೆನ್ನು ಅದರ ಎದುರು ಬದಿಗೆ. ಸೂಜಿಯನ್ನು ತುದಿಯವರೆಗೂ ಮೇಲೆ ತಳ್ಳಿ ತಿರುಪು ಬಿಗಿಯಿರಿ.

ಪ್ರೆಸರ್ ಫುಟ್ ಬಿಚ್ಚಿ. ಅದರ ಸ್ಕ್ರೂವನ್ನು ಮರಳಿ ಹಾಕಿಡಿ, ಇಲ್ಲದಿದ್ದರೆ ಕಳೆದುಹೋಗುತ್ತದೆ. ಕೆಳಗಿನ ಹಲ್ಲುಗಳು ಬಟ್ಟೆಯನ್ನು ಎಳೆಯದಂತೆ ಮಾಡಬೇಕು. ಕೆಲವು ಮೆಷಿನ್‌ಗಳಲ್ಲಿ ಹಲ್ಲು ಇಳಿಸುವ ತಿರುಪು ಅಥವಾ ಲಿವರ್ ಇದೆ. ಇಲ್ಲದವಕ್ಕೆ ಹಲ್ಲನ್ನು ಮುಚ್ಚುವ ಎಂಬ್ರಾಯ್ಡರಿ ಪ್ಲೇಟ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮ ಮೆಷಿನ್ನಿನ ಹಳೆ ಪ್ಲೇಟ್ ಕೈಯಲ್ಲಿ ಹಿಡಿದೇ ಹೋಗಿ, ತೂತುಗಳ ಅಳತೆ ಬೇರೆ ಬೇರೆ ಇರುತ್ತದೆ. ಹೊಲಿಗೆಯ ಉದ್ದ ಸೊನ್ನೆಗೆ ತನ್ನಿ.

ಮೋಟರ್ ಇದ್ದರೆ ಅದರ ಬೆಲ್ಟ್ ಕಳಚಿ, ಕಾಲಿನಲ್ಲೇ ಕಲಿಯಿರಿ. ಮೋಟರ್ ಹೊರಡುವಾಗ ಕೊಡುವ ಜಗ್ಗು ಹೊಸಬರ ಕೈಯಲ್ಲಿ ಸೂಜಿ ಮುರಿಯುತ್ತದೆ.

ಈಗ ಟೆನ್ಶನ್, ಅಂದರೆ ದಾರದ ಬಿಗಿತ. ಬಾಬಿನ್ ಕೇಸನ್ನು ದಾರದಿಂದ ತೂಗುಬಿಡಿ. ತಾನಾಗಿ ಜಾರಬಾರದು, ಕೈಯನ್ನು ಒಮ್ಮೆ ಸಣ್ಣದಾಗಿ ಜಾಡಿಸಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಅದನ್ನು ಹೊಂದಿಸಿಕೊಂಡ ಮೇಲೆ ಮೇಲಿನ ಟೆನ್ಶನ್ ಸಡಿಲಿಸುತ್ತ ಬನ್ನಿ. ಬಟ್ಟೆಯ ಹಿಂಬದಿಯಲ್ಲಿ ಮೇಲಿನ ಬಣ್ಣದ ದಾರ ಎರಡೂ ಅಂಚಿನಲ್ಲಿ ಸ್ವಲ್ಪ ಇಣುಕಿ, ನಡುವೆ ಬಾಬಿನ್ ದಾರ ಕಂಡರೆ ಸರಿಯಾಗಿದೆ.

ರಿಂಗ್ ಹಾಕುವುದು

ಇಲ್ಲಿ ಕೈ ಕಸೂತಿ ಮಾಡಿ ಬಂದವರು ಸಹ ತಡವರಿಸುತ್ತಾರೆ, ಏಕೆಂದರೆ ಕ್ರಮ ತಲೆಕೆಳಗು. ಹೊರ ರಿಂಗ್ ಮೇಜಿನ ಮೇಲೆ. ಅದರ ಮೇಲೆ ಬಟ್ಟೆ, ಮೇಲ್ಮುಖ ಮೇಲಕ್ಕೆ. ಆಮೇಲೆ ಒಳ ರಿಂಗನ್ನು ಮೇಲಿನಿಂದ ಒತ್ತಿ. ಹೀಗಾದರೆ ಬಟ್ಟೆ ರಿಂಗ್‌ನ ತಳದಲ್ಲಿದ್ದು ಮೆಷಿನ್ನಿನ ಪ್ಲೇಟಿಗೆ ತಾಗಿಕೊಂಡು ಕೂರುತ್ತದೆ. ಸ್ಕ್ರೂ ಅರ್ಧ ಬಿಗಿದು, ಬಟ್ಟೆಯನ್ನು ಉದ್ದೆಳೆ ಮತ್ತು ಅಡ್ಡೆಳೆಯ ಗುಂಟ ಮಾತ್ರ ಎಳೆಯಿರಿ. ಮೂಲೆಯಿಂದ ಓರೆಯಾಗಿ ಎಳೆದರೆ ಆಗ ಬಿಗಿಯಾಗಿಯೇ ಕಾಣುತ್ತದೆ, ರಿಂಗ್ ತೆಗೆದ ಮೇಲೆ ಎಳೆ ತನ್ನ ಜಾಗಕ್ಕೆ ಮರಳಿ ಬುಟ್ಟಾದ ಸುತ್ತ ಸುಕ್ಕು ಬೀಳುತ್ತದೆ. ಪೂರ್ತಿ ಬಿಗಿದ ಮೇಲೆ ಒಳ ರಿಂಗನ್ನು ಇನ್ನು ಒಂದು ಮಿಲಿಮೀಟರ್ ಕೆಳಕ್ಕೆ ತಳ್ಳಿ. ಬೆರಳಿನಿಂದ ಬಡಿದರೆ ತಮಟೆಯ ಹಾಗೆ ಸದ್ದು ಬರಬೇಕು. ಬರದಿದ್ದರೆ ಬಿಚ್ಚಿ ಮತ್ತೆ ಹಾಕಿ; ಈ ಒಂದು ವಿಷಯದಲ್ಲಿ ರಾಜಿ ಬೇಡ.

ಬ್ಲೌಸ್ ಪೀಸ್ ಆದರೆ ಕತ್ತರಿಸುವ ಮೊದಲೇ ಎಂಬ್ರಾಯ್ಡರಿ ಮುಗಿಸಬೇಕು. ತೋಳಿನ ಆಕಾರವನ್ನು ಬಟ್ಟೆಯ ಮೇಲೆ ಚಾಕ್‌ನಿಂದ ಬರೆದು, ಸುತ್ತ ಒಂದಿಂಚು ಹೆಚ್ಚು ಬಿಡಿ. ಒತ್ತು ಹೊಲಿಗೆ ಬಿದ್ದ ಕಡೆ ಬಟ್ಟೆ ಸ್ವಲ್ಪ ಕುಗ್ಗುತ್ತದೆ, ಮೊದಲೇ ಕತ್ತರಿಸಿದ ತೋಳು ಕಡೆಗೆ ಗಿಡ್ಡವಾಗುತ್ತದೆ. ಬುಟ್ಟಾ ಅಂಚಿನ ಹತ್ತಿರವಿದ್ದು ರಿಂಗ್‌ಗೆ ಹಿಡಿತ ಸಿಗದಿದ್ದರೆ ಅಂಚಿಗೆ ನಾಲ್ಕಿಂಚಿನ ಹಳೆ ಬಟ್ಟೆಯ ಪಟ್ಟಿಯನ್ನು ಕಚ್ಚಾ ಹೊಲಿಗೆಯಿಂದ ಸೇರಿಸಿಕೊಳ್ಳಿ.

ಡಿಸೈನ್ ಇಳಿಸಲು ಬಟರ್ ಪೇಪರ್ ಮೇಲೆ ಚಿತ್ರ ಬರೆದು, ದಾರವಿಲ್ಲದ ಸೂಜಿಯಿಂದ ಗೆರೆಯುದ್ದಕ್ಕೂ ಚುಚ್ಚಿ. ಬಣ್ಣದ ಬಟ್ಟೆಗೆ ಜಿಂಕ್ ಆಕ್ಸೈಡ್ ಪುಡಿ, ಬಿಳಿ ಬಟ್ಟೆಗೆ ನೀಲಿ ಪುಡಿ. ಅದನ್ನು ಸ್ವಲ್ಪ ಸೀಮೆಎಣ್ಣೆಯಲ್ಲಿ ಕಲಸಿ, ಹತ್ತಿಯುಂಡೆಯಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಚುಚ್ಚಿದ ಹಾಳೆಯ ಮೇಲೆ ಒಂದೇ ದಿಕ್ಕಿನಲ್ಲಿ ಉಜ್ಜಿ. ಹತ್ತಿ ತೊಟ್ಟಿಕ್ಕುವಂತಿದ್ದರೆ ಗೆರೆ ಹರಡಿಕೊಳ್ಳುತ್ತದೆ. ಎಣ್ಣೆ ಪೂರ್ತಿ ಆರುವ ತನಕ ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿರ ತರಬೇಡಿ, ಬೆಂಕಿಯ ಅಪಾಯ. ರೇಷ್ಮೆಗೆ ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ.

ಕೈ ಪಳಗಿಸುವುದು

ಪೆನ್ನಿನಲ್ಲಿ ಬರೆಯುವಾಗ ಹಾಳೆ ನಿಂತಿರುತ್ತದೆ, ಪೆನ್ನು ಓಡುತ್ತದೆ. ಇಲ್ಲಿ ಸೂಜಿ ಇದ್ದಲ್ಲೇ ಇರುತ್ತದೆ. ಗೆರೆ ಬಲಕ್ಕೆ ಹೋಗಬೇಕಾದರೆ ರಿಂಗ್ ಎಡಕ್ಕೆ ಸರಿಯಬೇಕು. ರಿಂಗನ್ನು ಸ್ಟೀರಿಂಗ್‌ನಂತೆ ತಿರುಗಿಸಬೇಡಿ. ಬುಟ್ಟಾದ ತುದಿ ಸದಾ ಒಂದೇ ದಿಕ್ಕಿಗೆ ಇರಲಿ, ರಿಂಗ್ ಬರೀ ಜಾರಲಿ. ಹೆಬ್ಬೆರಳು ಮತ್ತು ಕಿರುಬೆರಳು ರಿಂಗ್‌ನ ಅಂಚಿನಲ್ಲಿರಲಿ. ಫುಟ್ ಇಲ್ಲದ ಸೂಜಿಗೆ ಯಾವ ಕಾವಲೂ ಇಲ್ಲ, ಸೂಜಿಯಿಂದ ಎರಡು ಇಂಚಿನೊಳಗೆ ಬೆರಳು ಬರಕೂಡದು.

ಮೊದಲು ದಾರವಿಲ್ಲದೆ, ಗೆರೆ ಹಾಕಿದ ನೋಟ್‌ಬುಕ್ ಹಾಳೆಯ ಮೇಲೆ ಓಡಿಸಿ, ತೂತುಗಳು ಗೆರೆಯ ಮೇಲೇ ಬೀಳುತ್ತವೆಯೇ ನೋಡಿ. ಆಮೇಲೆ ಪಾಪ್ಲಿನ್ ಮೇಲೆ ಕನ್ನಡ ಅಕ್ಷರ ಬರೆಯಿರಿ. ಠ, ರ, ಅ, ಳ ಇವಕ್ಕಿಂತ ಒಳ್ಳೆಯ ಪಾಠ ಇಲ್ಲ. ಎಲ್ಲ ದಿಕ್ಕಿನ ತಿರುವೂ ಇವುಗಳಲ್ಲೇ ಇದೆ. ಕಾಲು ಒಂದೇ ಸಮ ವೇಗವಾಗಿ ಓಡಲಿ, ಕೈ ನಿಧಾನವಾಗಿ ಸರಿಯಲಿ. ಹೆದರಿಕೆಯಿಂದ ಹೊಸಬರು ಕಾಲನ್ನು ನಿಧಾನ ಮಾಡುತ್ತಾರೆ, ಆಗ ಒಂದೊಂದು ಹೊಲಿಗೆಯೂ ಅರ್ಧ ಇಂಚು ಉದ್ದವಾಗುತ್ತದೆ.

ಬುಟ್ಟಾ ಶುರು ಮಾಡುವ ಕ್ರಮ ಹೀಗೆ: ರಿಂಗನ್ನು ಸೂಜಿಯ ಕೆಳಗೆ ಇಟ್ಟು ಪ್ರೆಸರ್ ಲಿವರ್ (ಫುಟ್ ಏರಿಸಿ ಇಳಿಸುವ ಹಿಡಿ) ಕೆಳಗಿಳಿಸಿ. ಮೇಲಿನ ದಾರ ಹಿಡಿದು ಕೈಚಕ್ರವನ್ನು ನಿಮ್ಮ ಕಡೆಗೆ ಒಂದು ಸುತ್ತು ತಿರುಗಿಸಿದರೆ ಬಾಬಿನ್ ದಾರ ಕುಣಿಕೆಯಾಗಿ ಮೇಲೆ ಬರುತ್ತದೆ. ಎರಡೂ ದಾರ ಹಿಡಿದು ಅದೇ ಜಾಗದಲ್ಲಿ ಮೂರು ಹೊಲಿಗೆ ಹಾಕಿ ಬಾಲ ಕತ್ತರಿಸಿ. ಮಾವಿನಕಾಯಿಯ ಹೊರಗೆರೆಯನ್ನು ರನ್ನಿಂಗ್ ಹೊಲಿಗೆಯಲ್ಲಿ ಎರಡು ಸುತ್ತು ಮುಗಿಸಿ. ಒಳಗೆ ಉದ್ದುದ್ದಕ್ಕೆ ವಿರಳವಾಗಿ ಕೆಲವು ಸಾಲು ಓಡಿಸಿ. ಇದು ಭರ್ತಿಗೆ ಉಬ್ಬು ಕೊಡುವ ಅಡಿಪಾಯ. ನಂತರ ಅದಕ್ಕೆ ಅಡ್ಡಲಾಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ರಿಂಗನ್ನು ಸರಿಸುತ್ತ ಒತ್ತಾಗಿ ತುಂಬಿ. ಭರ್ತಿಯ ಅಗಲ 6 ಮಿಲಿಮೀಟರ್ ದಾಟಿದರೆ ಬಳೆಗೆ, ಉಂಗುರಕ್ಕೆ ಸಿಕ್ಕಿ ದಾರ ಎದ್ದುಬರುತ್ತದೆ. ಅಗಲವಾದ ಹೊಟ್ಟೆಗೆ ಒಂದು ಉದ್ದ, ಒಂದು ಗಿಡ್ಡ ಹೊಲಿಗೆ ಹಾಕಿ, ಒಂದೇ ಬಣ್ಣದ ಮೂರು ಛಾಯೆಯನ್ನು ಒಂದರೊಳಗೊಂದು ಸೇರಿಸಿ.

ಎಲ್ಲಿ ಕೈಕೊಡುತ್ತದೆ

ಬಟ್ಟೆಯ ಕೆಳಗೆ ದಾರದ ಗೋಜಲು ಕಟ್ಟಿದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ತಪ್ಪಿರುವುದು ಮೇಲೆ: ಫುಟ್ ಇಲ್ಲವಲ್ಲ ಎಂದು ಲಿವರ್ ಇಳಿಸುವುದನ್ನೇ ಮರೆತಿರುತ್ತೀರಿ. ಲಿವರ್ ಮೇಲಿದ್ದರೆ ಟೆನ್ಶನ್ ತಟ್ಟೆಗಳು ತೆರೆದೇ ಇರುತ್ತವೆ, ಮೇಲಿನ ದಾರಕ್ಕೆ ತಡೆಯೇ ಇಲ್ಲ.

ಸೂಜಿ ಮುರಿದರೆ, ಅದು ಬಟ್ಟೆಯೊಳಗಿದ್ದಾಗ ರಿಂಗ್ ಜಗ್ಗಿದ್ದೀರಿ. ಬಾಗಿದ ಸೂಜಿ ಪ್ಲೇಟಿಗೆ ಬಡಿದು ಮುರಿಯುತ್ತದೆ. ಮುರಿದ ಮೇಲೆ ಪ್ಲೇಟಿನ ತೂತಿನ ಅಂಚನ್ನು ಉಗುರಿನಿಂದ ಸವರಿ ನೋಡಿ. ಗೀರು ಬಿದ್ದಿದ್ದರೆ ನುಣುಪಾದ ಎಮರಿ ಕಾಗದದಿಂದ ಉಜ್ಜಿ ಸರಿಮಾಡದ ಹೊರತು ದಾರ ಅಲ್ಲೇ ಹರಿಯುತ್ತಿರುತ್ತದೆ. ಗೀರು ಇಲ್ಲದೆಯೂ ದಾರ ಪದೇ ಪದೇ ಹರಿದರೆ ಸೂಜಿ ತೆಳುವಾಯಿತು, ಒಂದು ನಂಬರ್ ಮೇಲೆ ಹೋಗಿ. ಹೊಲಿಗೆ ತಪ್ಪಿದರೆ ಮೊದಲು ರಿಂಗ್, ಆಮೇಲೆ ಸೂಜಿಯ ಮೊನೆ, ಕೊನೆಗಷ್ಟೇ ಟೆನ್ಶನ್ ನೋಡಿ. ಶಿಫಾನ್, ಜಾರ್ಜೆಟ್‌ನಂಥ ಜಾರುವ ಬಟ್ಟೆ ರಿಂಗ್‌ನಲ್ಲಿ ಎಷ್ಟು ಬಿಗಿದರೂ ಸಡಿಲವಾಗುತ್ತದೆ, ಅದರಡಿ ಪೇಪರ್ ಫ್ಯೂಸಿಂಗ್ ಸೇರಿಸಿಯೇ ಹಾಕಿ. ಅಡಿಗೆ ಹಳೆ ದಿನಪತ್ರಿಕೆ ಇಡುವ ಅಭ್ಯಾಸ ಕೆಲವರಿಗಿದೆ; ಮಸಿ ಬಟ್ಟೆಗೆ ಹತ್ತುತ್ತದೆ, ಬೇಡ.

ಜರಿಯ ಸಮಸ್ಯೆಯೇ ಬೇರೆ. ಸೂಜಿಯ ಕಣ್ಣಿನಲ್ಲಿ ಒಂದೇ ತುಂಡು ದಾರ ಹಲವು ಸಲ ಹಿಂದೆಮುಂದೆ ಉಜ್ಜಿದ ಮೇಲೆಯೇ ಹೊಲಿಗೆಯಾಗುವುದು. ಅಷ್ಟರಲ್ಲಿ ಜರಿಯ ಹೊದಿಕೆ ಸುಲಿದುಹೋಗುತ್ತದೆ. ಉಪಾಯವೆಂದರೆ ಜರಿಯನ್ನು ಬಾಬಿನ್ನಿಗೆ ಹಾಕುವುದು. ಕೈಯಲ್ಲೇ ನಿಧಾನವಾಗಿ ಸುತ್ತಿ, ಬಾಬಿನ್ ಕೇಸಿನ ಪುಟ್ಟ ತಿರುಪನ್ನು ಕಾಲು ಸುತ್ತು ಸಡಿಲಿಸಿ. ಇದನ್ನು ಬಟ್ಟಲೊಂದರ ಮೇಲೆ ಹಿಡಿದು ಮಾಡಿ, ಆ ತಿರುಪು ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ಜರಿಗೆಂದೇ ಇನ್ನೊಂದು ಬಾಬಿನ್ ಕೇಸ್ ಇಟ್ಟುಕೊಂಡರೆ ಪ್ರತಿಸಲ ಹೊಂದಿಸುವ ಗೋಳು ತಪ್ಪುತ್ತದೆ. ಮೇಲೆ ಅದೇ ಬಣ್ಣದ ತೆಳು ದಾರ. ಬಟ್ಟೆಯನ್ನು ಬೋರಲು ಹಾಕಿ, ಹಿಂಬದಿಯಲ್ಲಿ ಬರೆದ ಡಿಸೈನ್ ಮೇಲೆ ಹೊಲಿದರೆ ಜರಿ ಮೇಲ್ಮುಖದಲ್ಲಿ ಕೂರುತ್ತದೆ. ಡಿಸೈನ್ ಎಡಬಲ ಅದಲುಬದಲಾಗುತ್ತದೆ ಎಂಬುದು ನೆನಪಿರಲಿ. ಹಂಸ ಬಲಕ್ಕೆ ನೋಡಬೇಕಿದ್ದರೆ ಎಡಕ್ಕೆ ನೋಡುವಂತೆ ಬರೆಯಿರಿ.

ಧಾರವಾಡದ ಕಸೂತಿಯ ಗೋಪುರ, ತೇರುಗಳನ್ನು ಹೀಗೆ ಮೆಷಿನ್ನಿನಲ್ಲಿ ಮೂಡಿಸುವ ಆಸೆ ಹಲವರಿಗೆ. ಬಿಟ್ಟುಬಿಡುವುದೇ ಒಳ್ಳೆಯದು. ಕಸೂತಿಯ ಗವಂತಿ, ಮುರ್ಗಿ ಎಂಬವು ಎಳೆ ಎಣಿಸಿ ಹಾಕುವ ಹೊಲಿಗೆಗಳು, ಗಂಟಿಲ್ಲದೆ ಎರಡೂ ಬದಿ ಒಂದೇ ತರಹ ಕಾಣುತ್ತವೆ. ಎಳೆ ಎಣಿಸುವುದು ಓಡುವ ಸೂಜಿಯ ಕೆಲಸವಲ್ಲ. ಹೂ, ಬಳ್ಳಿ, ನವಿಲುಗರಿಯಂಥ ಬಾಗುವ ಗೆರೆಗಳಲ್ಲಿ ಮೆಷಿನ್ ಚೆನ್ನಾಗಿ ಒದಗುತ್ತದೆ.

ಮುಗಿದ ಮೇಲೆ ಫ್ಯೂಸಿಂಗ್ ಕಾಗದವನ್ನು ಹೊಲಿಗೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಹರಿಯಿರಿ, ಜಗ್ಗಬೇಡಿ. ಕೆಂಪು, ಕಡುನೀಲಿ ದಾರವಿದ್ದರೆ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಮಡಿಸಿ ಇಸ್ತ್ರಿ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ. ಇದನ್ನು ಕೆಲಸಕ್ಕೆ ಮೊದಲೇ ಮಾಡಿದ್ದರೆ ಇನ್ನೂ ವಾಸಿ. ದಪ್ಪ ಟವೆಲ್ ಮೇಲೆ ಬುಟ್ಟಾ ಬೋರಲಾಗಿ ಬರುವಂತೆ ಹಾಸಿ, ಸಣ್ಣ ಬಿಸಿಯಲ್ಲಿ ಹಿಂಬದಿಯಿಂದ ಇಸ್ತ್ರಿ ಮಾಡಿ. ಉಬ್ಬು ಟವೆಲ್‌ನೊಳಗೆ ಹುದುಗುವುದರಿಂದ ಚಪ್ಪಟೆಯಾಗುವುದಿಲ್ಲ. ಆಮೇಲೆ ಚಾಕ್ ಗೆರೆಯನ್ನು ಮತ್ತೊಮ್ಮೆ ಅಳತೆ ಮಾಡಿ, ಕುಗ್ಗಿದಷ್ಟನ್ನು ಹೊರಕ್ಕೆ ಸರಿಸಿ ಬರೆದು ತೋಳು ಕತ್ತರಿಸಿ.