ತೋಟಕ್ಕೆ ಹಂದಿ ಬೇಲಿ: ನಾನು ಮಾಡಿಕೊಂಡ ಕ್ರಮ

ಐಬೆಕ್ಸ್ ಬೇಲಿ, ಅಂದರೆ ಬ್ಯಾಟರಿ ಮೆಷಿನ್‌ನಿಂದ ತಂತಿಗೆ ಬಿಟ್ಟು ಬಿಟ್ಟು ಶಾಕ್ ಕೊಡುವ ಬೇಲಿ, ಹಾಕಿಸಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ‘ಹಂದಿಗೆ ಶಾಕ್ ಅಭ್ಯಾಸವಾಗಿಬಿಟ್ಟಿದೆ’ ಎನ್ನುವವರು ಮಲೆನಾಡಿನ ತುಂಬ ಸಿಗುತ್ತಾರೆ. ಹಂದಿಗೆ ಅಭ್ಯಾಸವಾಗುವುದಿಲ್ಲ. ಅರ್ಥಿಂಗ್ (ಮೆಷಿನ್‌ಗೆ ನೆಲದ ಜೋಡಣೆ ಕೊಡುವ ಪೈಪು) ಸುತ್ತ ನೆಲ ಒಣಗಿರುತ್ತದೆ, ಇಲ್ಲವೇ ಕೆಳಗಿನ ತಂತಿಗೆ ಹುಲ್ಲು ಹತ್ತಿರುತ್ತದೆ. ಕೆಳಗೆ ಅಡಿಕೆ ತೋಟ, ಮೇಲೆ ಸ್ವಂತ ಹಿಡುವಳಿಯ ಸಿಲ್ವರ್ ಓಕ್ ಮತ್ತು ಅಕೇಶಿಯಾ ತೋಪು, ಮೂರು ಕಡೆ ಕಾಡು. ಇಂಥ ಜಾಗಕ್ಕೆ ನಾನು ಮಾಡಿಕೊಂಡ ಕ್ರಮ ಇದು.

ಹಂದಿಗೆ ಮೂರು ತಂತಿ ಸಾಕು. 2.5 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ, ನೆಲದಿಂದ 8, 18 ಮತ್ತು 30 ಇಂಚಿಗೆ. ಎಲ್ಲವೂ ನಿಂತಿರುವುದು ಆ 8 ಇಂಚಿನ ತಂತಿಯ ಮೇಲೆ. ಹಂದಿಯ ಮೈಮೇಲಿನ ಒರಟು ಕೂದಲು, ಒಣ ಕೆಸರು ದಾಟಿ ಶಾಕ್ ಒಳಗೆ ಇಳಿಯುವುದು ಕಷ್ಟ. ಒದ್ದೆ ಮೂತಿಗೆ ತಾಗಿದರೆ ಮಾತ್ರ ಹಿಂದಕ್ಕೆ ಹಾರುತ್ತದೆ. ತಂತಿ ಒಂದು ಅಡಿ ಮೇಲಿದ್ದರೆ ತಲೆ ಒಳಗೆ ಹೋದ ಮೇಲೆ ಬೆನ್ನಿಗೆ ತಾಗುತ್ತದೆ. ಆಗ ಅದು ಹಿಂದೆ ಸರಿಯುವುದಿಲ್ಲ, ಮುಂದಕ್ಕೇ ನುಗ್ಗುತ್ತದೆ. ನೆಲ ತಗ್ಗಾದಲ್ಲೆಲ್ಲ ಒಂದು ಕಂಬ ಹೆಚ್ಚು ಹಾಕಿ ತಂತಿಯನ್ನು ಕೆಳಕ್ಕೆ ಎಳೆದಿದ್ದೇನೆ. ಸಾಮಾನ್ಯ ನೆಲದಲ್ಲಿ ಕಂಬದಿಂದ ಕಂಬಕ್ಕೆ 12 ಅಡಿ.

ಕಂಬದ ಖರ್ಚು ಉಳಿಸಲು ಸಿಲ್ವರ್ ಓಕ್‌ಗೇ ಮೊಳೆ ಹೊಡೆದು ಇನ್ಸುಲೇಟರ್ ಕೂರಿಸುವ ಚಾಳಿ ಇದೆ. ಬೇಡ. ಮರ ದಪ್ಪವಾದಂತೆ ಇನ್ಸುಲೇಟರನ್ನೇ ನುಂಗುತ್ತದೆ, ಮಳೆಯಲ್ಲಿ ಕರೆಂಟು ತೊಗಟೆಗುಂಟ ಇಳಿಯುತ್ತದೆ. ನಾಳೆ ಆ ಮರ ಕೊಯ್ಯುವಾಗ ಮೊಳೆಗೆ ಗರಗಸದ ಹಲ್ಲು ಹೋಗುತ್ತದೆ. ಮೊಳೆ ಕಂಡ ವ್ಯಾಪಾರಿ ಬುಡದ ತುಂಡಿಗೆ ರೇಟು ಇಳಿಸುತ್ತಾನೆ. ಬುಡದ ತುಂಡೇ ತಾನೇ ದುಡ್ಡು.

ಅರ್ಥಿಂಗ್‌ಗೆ ಆರು ಅಡಿಯ ಮೂರು ಜಿಐ ಪೈಪು, ಒಂದಕ್ಕೊಂದು ಹತ್ತು ಅಡಿ ದೂರ, ಸುತ್ತ ಇದ್ದಿಲು ಮತ್ತು ಉಪ್ಪು. ಮನೆಯ ಅರ್ಥಿಂಗ್‌ನಿಂದ ಕನಿಷ್ಠ 10 ಮೀಟರ್ ಆಚೆ ಇರಬೇಕು. ಜಂಬಿಟ್ಟಿಗೆ ನೆಲ ಮಾರ್ಚ್ ಹೊತ್ತಿಗೆ ಕಲ್ಲಾಗುತ್ತದೆ. ಹಾಗಾಗಿ ಪೈಪುಗಳನ್ನು ಬಚ್ಚಲ ನೀರು ಹರಿಯುವ ಕಡೆ ಇಳಿಸಿದೆ. ಪರೀಕ್ಷೆ ಸುಲಭ: ಮೆಷಿನ್‌ನಿಂದ ನೂರು ಮೀಟರ್ ಆಚೆ ನಾಲ್ಕೈದು ಕಬ್ಬಿಣದ ಸರಳು ಒರಗಿಸಿ ಬೇಲಿಯನ್ನು ನೆಲಕ್ಕೆ ಶಾರ್ಟ್ ಮಾಡಿ, ವೋಲ್ಟೇಜ್ 2 ಕಿಲೋವೋಲ್ಟ್‌ಗಿಂತ ಕೆಳಗಿಳಿದ ಮೇಲೆ ಕೊನೆಯ ಅರ್ಥ್ ಪೈಪಿಗೆ ಟೆಸ್ಟರ್ ಹಿಡಿಯಬೇಕು. 0.3 ಕಿಲೋವೋಲ್ಟ್ ಮೀರಿ ತೋರಿಸಿದರೆ ಇನ್ನೊಂದು ಪೈಪು ಹೊಡೆಯಬೇಕು. ಪೈಪಿಗೆ ತಾಮ್ರದ ತಂತಿ ಸುತ್ತಬೇಡಿ. ಜಿಐಗೂ ತಾಮ್ರಕ್ಕೂ ಆಗಿಬರುವುದಿಲ್ಲ, ಜೋಡಣೆಯಲ್ಲಿ ಕಿಲುಬು ಹಿಡಿದು ಬಿಟ್ಟುಕೊಳ್ಳುತ್ತದೆ.

ಬೇಲಿಯ ಕೊನೆಯ ತುದಿಯಲ್ಲಿ 4 ಕಿಲೋವೋಲ್ಟ್‌ಗಿಂತ ಕಡಿಮೆ ಬಂದ ದಿನವೇ ಸುತ್ತು ಹಾಕುತ್ತೇನೆ. ಟಾರ್ಚ್ ಆರಿಸಿ ರಾತ್ರಿ ನಡೆದರೆ ಸೋರುವ ಜಾಗ ತಾನೇ ಗೊತ್ತಾಗುತ್ತದೆ: ಸೆಕೆಂಡಿಗೊಂದು ಟಿಕ್, ಜೊತೆಗೆ ನೀಲಿ ಕಿಡಿ. ಹೆಚ್ಚಿನ ಸಲ ಯುಪಟೋರಿಯಂ ಕಳೆಯ ಚಿಗುರು ಅಥವಾ ಬಿದ್ದ ಸೋಗೆ. ತಂತಿಯಡಿ ಎರಡಡಿ ಅಗಲ ಬರಿನೆಲ ಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಸವರಲೇಬೇಕು.

ಬ್ಯಾಟರಿ ಲೆಕ್ಕ ಹೀಗೆ. ನನ್ನ ಮೆಷಿನ್ 12 ವೋಲ್ಟ್‌ನಲ್ಲಿ ಸುಮಾರು 0.4 ಆಂಪಿಯರ್ ತಿನ್ನುತ್ತದೆ, ದಿನಕ್ಕೆ 10 ಆಂಪಿಯರ್-ಅವರ್. 60 ಆಂಪಿಯರ್-ಅವರ್‌ನ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಮೂರು ದಿನ. ಜುಲೈ ಮಳೆಯಲ್ಲಿ 40 ವ್ಯಾಟ್ ಸೋಲಾರ್ ಪ್ಯಾನೆಲ್ ದಿನದ ಖರ್ಚನ್ನು ತುಂಬಿಕೊಡುವುದಿಲ್ಲ. ಹಾಗಾಗಿ ಎರಡು ಬ್ಯಾಟರಿ, ಒಂದು ಬೇಲಿಗೆ, ಒಂದು ಮನೆಯಲ್ಲಿ ಚಾರ್ಜಿಗೆ. ಚಾರ್ಜರ್‌ಗೆ ಹಾಕಿದ ಬ್ಯಾಟರಿ ಮೆಷಿನ್‌ಗೆ ಜೋಡಿರಬಾರದು. ಚಾರ್ಜರ್ ಕೆಟ್ಟರೆ ಮನೆ ಕರೆಂಟು ಬೇಲಿಗೆ ಹರಿಯುವ ದಾರಿ ಅದು. ಮೆಯಿನ್ ಲೈನನ್ನೇ ಬೇಲಿಗೆ ಕೊಡುವುದು ಕೊಲೆಗೆ ಸಮ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಇನ್ನು ಜನ. ಬೇಲಿ ಕೆಡಿಸುವುದರಲ್ಲಿ ಹಂದಿಗಿಂತ ಮನುಷ್ಯನೇ ಮುಂದು. ಸೌದೆಗೆ, ಜೇನಿಗೆ, ದನ ಹೊಡೆದುಕೊಂಡು ಹೋಗಲು ಹಳೆಯ ಕಾಲುದಾರಿ ಇದ್ದರೆ ಅಲ್ಲೇ ಶಾಕ್ ತಾಗದ ಹಿಡಿಕೆಯ ಗೇಟು ಇಡಿ, ಎಚ್ಚರಿಕೆ ಬೋರ್ಡು ತೂಗುಹಾಕಿ. ದಾರಿ ಮುಚ್ಚಿದರೆ ತಂತಿ ಕತ್ತರಿಸುತ್ತಾರೆ. ಈಡಿಗೆ, ಅಂದರೆ ಬೇಟೆಗೆ, ಬರುವವರಿಗೆ ಮಾತ್ರ ನನ್ನ ತೋಪಿನಲ್ಲಿ ಜಾಗವಿಲ್ಲ. ‘ಹಂದಿ ಕಾಟ ಕಳೀತದೆ ಮಾರಾಯ್ರೆ, ಒಂದು ಪಾಲು ನಿಮಗೂ’ ಎನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಮಾತ್ರವಲ್ಲ, ಉರುಳು, ಬಲೆ ಎಲ್ಲವೂ ಸೇರಿತು. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಪರಿಚ್ಛೇದದಲ್ಲಿದೆ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯವಾದರೂ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿ ಲೈಸೆನ್ಸ್ ಬೇಟೆಯ ಅನುಮತಿಯಲ್ಲ.

ಉರುಳು ಹಂದಿಯನ್ನೇ ಹುಡುಕಿ ಹಿಡಿಯುವುದಿಲ್ಲ. ಬೈಕಿನ ಕ್ಲಚ್ ಕೇಬಲ್‌ನ ಉರುಳಿನಲ್ಲಿ ಚಿರತೆಯ ಸೊಂಟ ಸಿಕ್ಕಿದರೆ, ಅದು ಒಂದನೇ ಪರಿಚ್ಛೇದದ ಪ್ರಾಣಿ, ಶಿಕ್ಷೆ ಕನಿಷ್ಠ ಮೂರು ವರ್ಷ, ವಿಚಾರಣೆ ಶುರುವಾಗುವುದು ಪಹಣಿಯಲ್ಲಿ ಹೆಸರಿದ್ದವನಿಂದ. ಅದಕ್ಕೇ ವಾರಕ್ಕೊಮ್ಮೆ ಹಂದಿ ಜಾಡು ಹಿಡಿದು ತೋಪು ಸುತ್ತಬೇಕು. ಜಾಡಿನ ಎರಡೂ ಬದಿ ಮುಳ್ಳುಸೊಪ್ಪು ಒಡ್ಡಿ ನಡುವೆ ಮೊಳದಗಲ ಕಂಡಿ ಬಿಟ್ಟಿದ್ದರೆ ಅಲ್ಲಿ ಉರುಳಿದೆ ಎಂದೇ ಲೆಕ್ಕ. ಖಾಲಿ ಉರುಳಾದರೆ ಫೋಟೊ ತೆಗೆದು ಅರಣ್ಯ ಇಲಾಖೆಯವರಿಗೆ ತಿಳಿಸಿ. ಪ್ರಾಣಿ ಸಿಕ್ಕಿದ್ದರೆ ಹತ್ತಿರ ಹೋಗದೆ ಫೋನ್ ಮಾಡಿ.

ಹಲಸಿನ ಕಾಲದಲ್ಲಿ ಬೇಲಿಯ ಒಳಗಡೆ ಬಿದ್ದ ಹಣ್ಣನ್ನು ದಿನಾ ಎತ್ತಬೇಕು. ಆ ವಾಸನೆಗೆ ಹಂದಿ ಶಾಕನ್ನೂ ಲೆಕ್ಕಿಸದೆ ನುಗ್ಗುತ್ತದೆ. ಇಷ್ಟಾಗಿಯೂ ಒಂದು ರಾತ್ರಿ ನುಗ್ಗಿ ಅಡಿಕೆ ಸಸಿ ಉರುಳಿಸಿದರೆ ಬೆಳಿಗ್ಗೆಯೇ, ಮಳೆ ಬೀಳುವ ಮುಂಚೆ, ಗೊರಸಿನ ಗುರುತಿನ ಪಕ್ಕ ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ಸಸಿಗಳನ್ನು ಸಾಲು ಹಿಡಿದು ಎಣಿಸಿ ಬರೆದುಕೊಳ್ಳಿ. ಅರಣ್ಯ ಇಲಾಖೆಯವರು ಬಂದು ಮಹಜರು ಮಾಡುವವರೆಗೆ ಸಸಿ ಎತ್ತಿ ನೆಡಬೇಡಿ.