ಎಳೆ ತಪ್ಪಿದ ಜಾಗ

ಗುಳೇದಗುಡ್ಡದ ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗ ಇದ್ದವು. ನೇಯ್ದ ಖಣವನ್ನು ಅಪ್ಪ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ತೇರಿನ ಚಿತ್ತಾರದಲ್ಲಿ ಒಂದೇ ಕಡೆ ಎಳೆ ತಪ್ಪಿದ್ದರೆ "ಇದು ಕೈ ತಪ್ಪು" ಅನ್ನುತ್ತಿದ್ದ. ಅದೇ ತಪ್ಪು ಪ್ರತಿ ತೇರಿನಲ್ಲೂ ಅದೇ ಜಾಗದಲ್ಲಿ ಕಂಡರೆ ನೇಯ್ದವನನ್ನು ಬೈಯುತ್ತಿರಲಿಲ್ಲ. "ಮಗ್ಗ ಹೂಡುವಾಗನ ತಪ್ಪೈತಿ" ಎಂದು ಮಗ್ಗದ ಹತ್ತಿರ ಹೋಗಿ ಬಗ್ಗುತ್ತಿದ್ದ. ಬೈಬಲ್‌ನ ಹಸ್ತಪ್ರತಿಗಳನ್ನು ಹೋಲಿಸುವ ಹುಚ್ಚಿಗೆ ಬಿದ್ದ ಮೇಲೆ ನಾನು ಓದಿದ ದಪ್ಪ ಪುಸ್ತಕಗಳು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ನಾಲ್ಕು ಪ್ರತಿಗಳು ಒಂದೇ ವಿಚಿತ್ರ ತಪ್ಪು ಮಾಡಿದ್ದರೆ ಅವು ನಾಲ್ಕು ಸಾಕ್ಷಿಗಳಲ್ಲ, ಒಂದೇ ತಾಯಿಯ ಮಕ್ಕಳು.

ನಮ್ಮೂರಿಗೆ ಬಾಸೆಲ್ ಮಿಶನ್ ಬಂದದ್ದು 1851ರಲ್ಲಿ. ನಮ್ಮದು ಆ ಕ್ರೈಸ್ತ ಸಭೆಯ ಮನೆತನ. ಎಂ.ಎ.ಯಲ್ಲಿ ಗ್ರಂಥಸಂಪಾದನೆ ಓದಿದ್ದರಿಂದ ಓಲೆಗರಿ, ಪಾಠಾಂತರ (ಪ್ರತಿಯಿಂದ ಪ್ರತಿಗೆ ಬದಲಾಗುವ ಮಾತು), ಪ್ರಕ್ಷಿಪ್ತ (ಆಮೇಲೆ ಯಾರೋ ಸೇರಿಸಿದ್ದು) ಎಂಬ ಪದಗಳು ಹೊಸವಲ್ಲ. ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರಿನ ತಾಡೋಲೆ ಕೂಡಿಸಿ 1923ರಲ್ಲಿ ವಚನಗಳನ್ನು ಅಚ್ಚಿಗೆ ತಂದ ಕಥೆ ಕೇಳಿ ಬೆಳೆದ ಸೀಮೆ ನಮ್ಮದು. ಆದರೆ ದಿನಾ ಓದುವ ಸತ್ಯವೇದದ, ಅಂದರೆ ಬೈಬಲ್ಲಿನ, ಹಿಂದೆಯೂ ಇಂಥ ಕಟ್ಟುಗಳಿವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದರ ಎರಡನೆಯ ಭಾಗವಾದ ಹೊಸ ಒಡಂಬಡಿಕೆಗೆ ಗ್ರೀಕ್ ಭಾಷೆಯಲ್ಲೇ ಐದು ಸಾವಿರಕ್ಕೂ ಹೆಚ್ಚು ಕೈಬರಹದ ಪ್ರತಿಗಳಿವೆ.

ಗ್ರೀಕ್ ಕಲಿಸಿದ್ದು ಒಬ್ಬ ನಿವೃತ್ತ ಸಭಾಪಾಲಕರು. ಎರಡು ವರ್ಷ ಸಂಜೆ ಹೋದೆ. ಆಮೇಲಿನ ಗುರು ಕಂಪ್ಯೂಟರ್ ಪರದೆ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಕುರ್ಟ್ ಆಲಂಡ್ 1959ರಲ್ಲಿ ಕಟ್ಟಿದ ಸಂಸ್ಥೆ ಈ ಪ್ರತಿಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಬಾಗಲಕೋಟೆಯಲ್ಲಿ ಕೂತು ಹಾಳೆ ತಿರುವಬಹುದು, ಕರೆಂಟ್ ಇದ್ದರೆ.

ಮೊದಲ ಆರು ತಿಂಗಳು ನಾನು ಬೆರಳಚ್ಚು ಮಾಡಲಿಲ್ಲ. ದೊಡ್ಡ ನೋಟ್‌ಬುಕ್ ತಂದು, ಸಣ್ಣಕ್ಷರದ ಕೂಡುಬರಹದಲ್ಲಿರುವ ಒಂದು ಗ್ರೀಕ್ ಪ್ರತಿಯಿಂದ ಯೋಹಾನನ ಮೊದಲನೆಯ ಪತ್ರಿಕೆಯನ್ನು ಪೆನ್ನಿನಿಂದ ನಕಲು ಮಾಡಿದೆ. ಈ ಪತ್ರಿಕೆಯ ಎರಡನೆಯ ಅಧ್ಯಾಯದ 23ನೆಯ ವಚನ ಲಿಪಿಕಾರರು ಬೀಳುವ ಹೆಸರಾದ ಹಳ್ಳ. ಅದರ ಎರಡೂ ಅರ್ಧ ‘ತಂದೆಯನ್ನು ಹೊಂದಿದ್ದಾನೆ’ ಎಂಬ ಅದೇ ಮೂರು ಗ್ರೀಕ್ ಪದಗಳಿಂದ ಮುಗಿಯುತ್ತವೆ. ಮೊದಲರ್ಧ ಬರೆದು ತಲೆ ಎತ್ತಿದ ಲಿಪಿಕಾರ ಮತ್ತೆ ನೋಡುವಾಗ ಕಣ್ಣು ಎರಡನೆಯ ಅರ್ಧದ ಕೊನೆಗೆ ಬೀಳುತ್ತದೆ, ನಡುವಿನದು ಹೋಯಿತು. ಬಹಳಷ್ಟು ಪ್ರತಿಗಳಲ್ಲಿ ಹಾಗೇ ಹೋಗಿದೆ. ಸಾಲು ಸಾಲೂ ‘ಬೇಡ’ ಎಂದು ಮುಗಿಯುವ ಶರಣರ ವಚನವನ್ನು ನಕಲು ಮಾಡಿ ನೋಡಿ, ಗೊತ್ತಾಗುತ್ತದೆ.

ನಾನು ಹುಷಾರಾಗಿಯೇ ಇದ್ದೆ. ನೋಟ್‌ಬುಕ್ಕಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇಲ್ಲಿಯೂ ಲಿಪಿಕಾರ ಬಿಟ್ಟಿದ್ದಾನೆ’ ಎಂದು ಬರೆದು ಹಿಗ್ಗಿನಿಂದ ಮಲಗಿದೆ. ಮುಂಜಾನೆ ಮತ್ತೊಮ್ಮೆ ನೋಡಿದರೆ ಆ ಪುಣ್ಯಾತ್ಮ ಏನೂ ಬಿಟ್ಟಿರಲಿಲ್ಲ, ಮುಂದಿನ ಸಾಲಿನಲ್ಲಿ ಪೂರ್ತಿ ಬರೆದಿದ್ದ. ಹಾರಿದ್ದು ನನ್ನ ಕಣ್ಣು. ಆ ಕೆಂಪು ಗೆರೆ ಹೊಡೆದು ಹಾಕದೆ ಹಾಗೇ ಇಟ್ಟಿದ್ದೇನೆ. ಇಬ್ಬರು ಬೇರೆ ಬೇರೆ ಕೂತು ನಕಲು ಮಾಡಬೇಕು, ಆಮೇಲೆ ಎರಡನ್ನೂ ಹೋಲಿಸಬೇಕು ಎಂಬ ನಿಯಮ ಯಾಕಿದೆ ಎಂದು ಆಮೇಲೆ ನಾನು ಯಾರನ್ನೂ ಕೇಳಲಿಲ್ಲ.

ಕನ್ನಡ ಓದಿದ್ದು ಕೆಲವು ಕಡೆ ನೇರ ಉಪಯೋಗಕ್ಕೆ ಬಂತು. ನಮ್ಮ ಓಲೆಗರಿಗಳಲ್ಲಿ ಎ-ಏ, ಒ-ಓ ಭೇದ ಬರೆಯುವುದಿಲ್ಲ, ಅರ್ಥ ನೋಡಿ ದೀರ್ಘ ಹಾಕಬೇಕು. ಗ್ರೀಕ್‌ನಲ್ಲಿ ಒ-ಓ ಎರಡಕ್ಕೂ ಬೇರೆ ಅಕ್ಷರ ಇದ್ದರೂ ಕಾಲ ಕಳೆದಂತೆ ಅವುಗಳ ಉಚ್ಚಾರ ಒಂದೇ ಆಯಿತು. ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ಮೊದಲ ವಚನದಲ್ಲಿ ಹ್ರಸ್ವ ಬರೆದರೆ ‘ದೇವರೊಂದಿಗೆ ಸಮಾಧಾನ ಉಂಟು’, ದೀರ್ಘ ಬರೆದರೆ ‘ಸಮಾಧಾನದಿಂದ ಇರೋಣ’. ಹಳೆಯ ಪ್ರತಿಗಳು ಹೆಚ್ಚಾಗಿ ದೀರ್ಘದ ಕಡೆಗಿವೆ, ಅಚ್ಚಾದ ಪಾಠ ಹ್ರಸ್ವ. ಪೌಲನ ವಾದದ ಓಟ ನೋಡಿದರೆ ನನಗೂ ಹ್ರಸ್ವವೇ ಸರಿ ಅನ್ನಿಸುತ್ತದೆ.

ಈ ಕಸುಬಿನವರಲ್ಲಿ ನನಗೆ ಹತ್ತಿರದವನು ಬಾಸೆಲ್ ಊರಿನ ವೆಟ್‌ಸ್ಟೈನ್, ನಮ್ಮೂರಿಗೆ ಮಿಶನ್ ಕಳಿಸಿದ ಅದೇ ಊರು. ಲಂಡನ್ನಿನಲ್ಲಿ ಅಲೆಕ್ಸಾಂಡ್ರಿಯದ ಪ್ರತಿ ಎಂಬ ಹಳೆಯ ಗ್ರೀಕ್ ಬೈಬಲ್ ನೋಡುವಾಗ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 3:16ರಲ್ಲಿ ‘ದೇವರು’ ಎಂದು ಕಾಣುವ ಪದ ಅವನಿಗೆ ಸಂಶಯ ತಂದಿತು. ದೇವರು ಎಂಬುದನ್ನು ಎರಡೇ ಅಕ್ಷರದಲ್ಲಿ ಸಂಕ್ಷೇಪ ಮಾಡುವುದು ರೂಢಿ. ಮೊದಲ ಅಕ್ಷರದ ಹೊಟ್ಟೆಯಲ್ಲಿರುವ ಅಡ್ಡಗೆರೆ ಇಲ್ಲದಿದ್ದರೆ ಅದು ‘ಯಾವನು’ ಎಂದಾಗುತ್ತದೆ. ಆ ಗೆರೆ ಈ ಪುಟದ್ದಲ್ಲ, ಚರ್ಮದ ಹಾಳೆಯ ಹಿಂಬದಿಯ ಅಕ್ಷರ ತೋರುತ್ತಿದೆ ಎಂದ. ಒಂದು ಕೂದಲೆಳೆಯ ಗೆರೆ! ಅದು ಹೋದರೆ ಕ್ರಿಸ್ತನನ್ನು ದೇವರೆನ್ನುವ ಒಂದು ಆಧಾರವೂ ಹೋದಂತೆ. ಇಂಥ ಮಾತುಗಳಿಂದ ಪಾಷಂಡಿ ಎನ್ನಿಸಿಕೊಂಡು 1730ರಲ್ಲಿ ಸಭೆಯ ಕೆಲಸ ಕಳೆದುಕೊಂಡು ಆಮ್‌ಸ್ಟರ್‌ಡಾಮ್‌ಗೆ ಹೋದ. ಪ್ರತಿಗಳಿಗೆ ಅಕ್ಷರ, ಸಂಖ್ಯೆ ಕೊಟ್ಟು ಗುರುತಿಸುವ ಅವನ ಪದ್ಧತಿಯ ಎಳೆ ಇವತ್ತಿಗೂ ಉಳಿದಿದೆ.

ನನ್ನನ್ನು ಯಾರೂ ಹೊರಗೆ ಹಾಕಲಿಲ್ಲ. ಆದರೆ ಒಂದು ಭಾನುವಾರ ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯ ಓದಿಸುವಾಗ, ನಾಲ್ಕನೆಯ ಶತಮಾನದ ಎರಡು ದೊಡ್ಡ ಪ್ರತಿಗಳಲ್ಲಿ 8ನೆಯ ವಚನಕ್ಕೇ ಸುವಾರ್ತೆ ಮುಗಿದಿದೆ ಎಂದುಬಿಟ್ಟೆ. ಒಬ್ಬ ಹುಡುಗ ಎದ್ದ. "ಹಂಗಾರ ಸರ, ಮುಂದಿಂದು ಯಾರೋ ಸೇರಿಸ್ಯಾರೇನ್ರಿ?"

"ಸೇರಿಸ್ಯಾರ. ಆದ್ರ ಬಾಳ ಹಿಂದನ ಸೇರಿಸ್ಯಾರ."

ಮುಂದಿನ ಸಾಲಿನ ಅಜ್ಜಿ ಕನ್ನಡಕ ತೆಗೆದಳು. "ಮಾಸ್ತರ, ಎಂಟಕ್ಕ ಮುಗೀತಂದ್ರ ಯೇಸುನ ಸಮಾಧಿಗೆ ಹೋದ ಆ ಹೆಣ್ಮಕ್ಳು ಅಂಜಿ ಓಡಿ ಹೋದಲ್ಲಿಗೇ ನಿಂತಂಗಾತಲ್ರಿ?"

"ಹೌದಬೇ ಯವ್ವಾ. ಅಲ್ಲೇ ನಿಲ್ತಾವ ಆ ಪ್ರತಿ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇರ್ಲಿ, ಉಳಿದ ಹನ್ನೆರಡೂ ಓದ್ರಿ. ನಾ ಮನೀಗಿ ಹೋಗೂದೈತಿ."

ಹನ್ನೆರಡೂ ಓದಿದೆ.