ಅಪ್ಪಯ್ಯನ ಗಡ್‌ಬಡ್ ತಪ್ಪಿಸದೆ ಸಕ್ಕರೆ ಇಳಿಸಿದ್ದು

ಎರಡು ವರ್ಷದ ಹಿಂದೆ ಅಪ್ಪಯ್ಯನ ರಕ್ತದ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7.6 ಬಂತು. ಡಾಕ್ಟರು ಮಾತ್ರೆ ಬರೆದರು, ದಿನಾ ನಡೆಯಲು ಹೇಳಿದರು, ಸಿಹಿ ಕಡಿಮೆ ಮಾಡಿ ಎಂದರು. ಅಪ್ಪಯ್ಯ ಚಹಾದ ಸಕ್ಕರೆ ಬಿಟ್ಟರು, ರಾತ್ರಿಯ ಅನ್ನ ಅರ್ಧ ಮಾಡಿದರು. ಆದರೆ ಭಾನುವಾರದ ಐಸ್‌ಕ್ರೀಮ್ ಇಲ್ಲ ಅಂದಾಗ ಮಾತ್ರ ಮುಖ ಸಪ್ಪೆಯಾಯಿತು. ನಾವು ಉಡುಪಿಯವರು. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಹಣ್ಣು, ಜೆಲ್ಲಿ ಪದರವಾಗಿ ಹಾಕಿ ಕೊಡುವ ಗಡ್‌ಬಡ್ ಹುಟ್ಟಿದ್ದೇ ಇಲ್ಲಿನ ಡಯಾನಾ ಹೋಟೆಲಿನಲ್ಲಿ ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಅಪ್ಪಯ್ಯ ಅಮ್ಮನನ್ನು ಪೇಟೆಗೆ ಕರೆದುಕೊಂಡು ಹೋಗಿ ಮೊದಲು ತಿನ್ನಿಸಿದ್ದೂ ಗಡ್‌ಬಡ್ಡೇ. ಅದನ್ನು ಪೂರ್ತಿ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಡಾಕ್ಟರನ್ನು ಕೇಳಿದೆ. ವಾರಕ್ಕೊಮ್ಮೆ, ಸ್ವಲ್ಪ, ಲೆಕ್ಕ ಇಟ್ಟು ತಿನ್ನಲಿ ಎಂದರು. ಆ ಲೆಕ್ಕ ಕಲಿಯಲು ನನಗೆ ಆರು ತಿಂಗಳು ಹಿಡಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 'ಶುಗರ್ ಫ್ರೀ' ಎಂದು ದೊಡ್ಡದಾಗಿ ಬರೆದಿದ್ದ ಡಬ್ಬ ತಂದೆ. ಸಕ್ಕರೆ ಇಲ್ಲವಲ್ಲ ಎಂಬ ಧೈರ್ಯದಲ್ಲಿ ಅಪ್ಪಯ್ಯ ದೊಡ್ಡ ಬಟ್ಟಲಿನಲ್ಲಿ ಎರಡು ಸಲ ಹಾಕಿಸಿಕೊಂಡರು. ಆ ರಾತ್ರಿ ಹೊಟ್ಟೆ ಉಬ್ಬರಿಸಿ, ಬೆಳಗಿನವರೆಗೆ ನಾಲ್ಕೈದು ಸಲ ಎದ್ದು ಹೋಗಬೇಕಾಯಿತು. ಡಬ್ಬ ತಿರುಗಿಸಿ ನೋಡಿದರೆ ಸಕ್ಕರೆಯ ಬದಲು ಮಾಲ್ಟಿಟಾಲ್ ಇತ್ತು. ಮಾಲ್ಟಿಟಾಲ್, ಸಾರ್ಬಿಟಾಲ್ ಎಲ್ಲ ಪಾಲಿಯೋಲ್ ಎಂಬ ಜಾತಿಯವು. ನಮ್ಮ ಕರುಳು ಇವನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ, ಜಾಸ್ತಿಯಾದರೆ ಭೇದಿ ಆಗುತ್ತದೆ. ಆ ಎಚ್ಚರಿಕೆಯೂ ಡಬ್ಬದ ಮೇಲೆ ಇತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಇನ್ನೊಂದು ವಿಷಯ, ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆ ಕೂಡ. ಸಕ್ಕರೆಯಷ್ಟು ಅಲ್ಲ, ಆದರೆ ಏನೂ ಇಲ್ಲ ಅಂತಲ್ಲ.

ಅಂದಿನಿಂದ ಡಬ್ಬದ ಮುಂಭಾಗ ಓದುವುದು ಬಿಟ್ಟೆ. ಹಿಂಭಾಗದಲ್ಲಿ ಎರಡೇ ಜಾಗ ನೋಡುತ್ತೇನೆ. ಒಂದು, ಪದಾರ್ಥಗಳ ಪಟ್ಟಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದೇ ಮೊದಲು ಬರಬೇಕು ಎಂಬುದು ನಿಯಮ. ಸಕ್ಕರೆ ಎರಡನೆಯದೋ ನಾಲ್ಕನೆಯದೋ ಎಂಬುದರಲ್ಲೇ ಅರ್ಧ ಗೊತ್ತಾಗುತ್ತದೆ. ಲಿಕ್ವಿಡ್ ಗ್ಲೂಕೋಸ್, ಮಾಲ್ಟೋಡೆಕ್ಸ್‌ಟ್ರಿನ್ ಎಂದು ಇದ್ದರೂ ಸಕ್ಕರೆಯ ಲೆಕ್ಕಕ್ಕೇ ಹಿಡಿಯುತ್ತೇನೆ. ಎರಡು, ಪೋಷಕಾಂಶದ ಕೋಷ್ಟಕದಲ್ಲಿ 'ಟೋಟಲ್ ಶುಗರ್ಸ್' ಮತ್ತು 'ಆಡೆಡ್ ಶುಗರ್ಸ್' ಎಂಬ ಎರಡು ಸಾಲು. ಒಟ್ಟು ಸಕ್ಕರೆಯಲ್ಲಿ ಹಾಲಿನದ್ದೇ ಆದ ಲ್ಯಾಕ್ಟೋಸ್ ಕೂಡ ಸೇರಿರುತ್ತದೆ. ಅದಕ್ಕೇ 'ನೋ ಆಡೆಡ್ ಶುಗರ್' ಎಂದರೆ ಸಕ್ಕರೆಯೇ ಇಲ್ಲ ಎಂದು ಅರ್ಥವಲ್ಲ.

ಐಸ್‌ಕ್ರೀಮ್ ಪಕ್ಕದಲ್ಲೇ ಅದೇ ಬಣ್ಣದ ಫ್ರೋಜನ್ ಡೆಸರ್ಟ್ ಇರುತ್ತದೆ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಇರುತ್ತದೆ. ನಾನು ಹಾಲಿನದ್ದನ್ನೇ ತರುತ್ತೇನೆ. ಸಕ್ಕರೆಯ ಮಟ್ಟಿಗೆ ನಾನು ನೋಡಿದ ಡಬ್ಬಗಳಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ.

ನನಗೆ ಕಣ್ಣು ತೆರೆದದ್ದು ತಕ್ಕಡಿಯಿಂದ. ಐಸ್‌ಕ್ರೀಮ್ ಮಾರುವುದು ಮಿಲಿಲೀಟರಿನಲ್ಲಿ, ಕೋಷ್ಟಕ ಹೆಚ್ಚಾಗಿ 100 ಗ್ರಾಂ ಲೆಕ್ಕದಲ್ಲಿ. ಐಸ್‌ಕ್ರೀಮ್ ಒಳಗೆ ಗಾಳಿ ತುಂಬಾ ಇರುತ್ತದೆ. ಒಂದು ಲೀಟರ್ ಕನಿಷ್ಠ 525 ಗ್ರಾಂ ತೂಗಬೇಕು ಎಂದು ನಮ್ಮ ದೇಶದ ಆಹಾರ ನಿಯಮ ಹೇಳುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ 100 ಮಿಲಿಯ ವೆನಿಲಾ ಕಪ್ ಇಟ್ಟೆ. ಒಳಗಿದ್ದದ್ದು 56 ಗ್ರಾಂ. ಕೋಷ್ಟಕದಲ್ಲಿ 100 ಗ್ರಾಂಗೆ 20 ಗ್ರಾಂ ಸಕ್ಕರೆ ಅಂತಿತ್ತು. ಅಂದರೆ ಆ ಕಪ್ಪಿನಲ್ಲಿ ಸುಮಾರು 11 ಗ್ರಾಂ, ಮೂರು ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಅದೇ ಲೆಕ್ಕದಲ್ಲಿ ಗಡ್‌ಬಡ್ಡಿನ ಮೂರು ಸ್ಕೂಪ್ 180 ಗ್ರಾಂ ಎಂದು ಹಿಡಿದರೂ 36 ಗ್ರಾಂ ಆಯಿತು. ಜೆಲ್ಲಿ, ಸಿರಪ್ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದಿದೆ. ಹಾಲಿನ ಲ್ಯಾಕ್ಟೋಸ್ ಕಳೆದು ನೋಡಿದರೂ ಆ ಒಂದು ಗ್ಲಾಸಿನಲ್ಲಿ ಇಡೀ ದಿನದ್ದು ಮುಗಿಯುತ್ತದೆ. ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಅಪ್ಪಯ್ಯನಿಗೇ ತೋರಿಸಿದೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಅಂಕಿ ಕಂಡರೆ ಒಪ್ಪುತ್ತಾರೆ.

ಆಮೇಲೆ ಮನೆಯಲ್ಲೇ ಮಾಡಲು ಶುರು ಮಾಡಿದೆ. ಬೊಂಡದಿಂದ, ಅಂದರೆ ಎಳನೀರಿನ ಕಾಯಿಯಿಂದ.

ಅಂಗಡಿಯವನಿಗೆ 'ಗಂಜಿ ಇರುವ ಬೊಂಡ' ಎಂದೇ ಕೇಳಬೇಕು. ಗಂಜಿ ಎಂದರೆ ಒಳಗಿನ ಎಳೆ ತಿರುಳು. ಅದು ತೀರಾ ನೀರಾಗಿರಬಾರದು, ಕಾಯಿಯೂ ಆಗಿರಬಾರದು, ಬೆರಳಲ್ಲಿ ಒತ್ತಿದರೆ ತಗ್ಗಬೇಕು. ಮೂರು ಬೊಂಡದಿಂದ ಹೆಚ್ಚುಕಡಿಮೆ 250 ಗ್ರಾಂ ಸಿಗುತ್ತದೆ. ಅದಕ್ಕೆ 200 ಮಿಲಿ ದಪ್ಪ ತೆಂಗಿನ ಹಾಲು, ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿ ಹಾಕಿ ಮಿಕ್ಸಿಯಲ್ಲಿ ತಿರುವಿ ಫ್ರೀಜರಿಗೆ ಇಟ್ಟೆ. ಸಕ್ಕರೆ ಹಾಕಲೇ ಇಲ್ಲ. ಮರುದಿನ ಸ್ಟೀಲ್ ಡಬ್ಬದಲ್ಲಿದ್ದದ್ದು ಕಲ್ಲು. ಚಮಚ ಬಾಗಿತು. ಐಸ್‌ಕ್ರೀಮಿನಲ್ಲಿ ಸಕ್ಕರೆಗೆ ಸಿಹಿ ಕೊಡುವುದರ ಜೊತೆ ಇನ್ನೊಂದು ಕೆಲಸವೂ ಇದೆ ಎಂದು ಆಗ ಗೊತ್ತಾಯಿತು. ಕರಗಿದ ಸಕ್ಕರೆ ನೀರು ಗಟ್ಟಿಯಾಗುವ ಉಷ್ಣತೆಯನ್ನು ಕೆಳಕ್ಕೆ ತಳ್ಳುತ್ತದೆ, ಅದರಿಂದಲೇ ಅಂಗಡಿಯದ್ದು ಮೆತ್ತಗೆ ಇರುತ್ತದೆ. ಸಕ್ಕರೆ ತೆಗೆದರೆ ಬರೀ ಮಂಜುಗಡ್ಡೆ.

ನಾಲ್ಕೈದು ಸಲ ಮಾಡಿ 20 ಗ್ರಾಂ ಸಕ್ಕರೆಗೆ ನಿಂತೆ. ಇಷ್ಟಕ್ಕೆ ಏಳು ಸಣ್ಣ ಬಟ್ಟಲು ಆಗುತ್ತದೆ, ಬಟ್ಟಲಿಗೆ ಸುಮಾರು 3 ಗ್ರಾಂ. ಗಂಜಿಯ ಸ್ವಂತ ಸಿಹಿ ಅದರ ಮೇಲೆ ಸ್ವಲ್ಪ. ಅಗಲ ಡಬ್ಬದಲ್ಲಿ ಇಟ್ಟು, ಮೊದಲ ಮೂರು ಗಂಟೆ ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಅಂಚನ್ನು ಕೆರೆದು ನಡುವಿಗೆ ತರುತ್ತೇನೆ. ಹರಳು ಸಣ್ಣದಾಗುತ್ತದೆ. ತಿನ್ನುವ ಹತ್ತು ನಿಮಿಷ ಮೊದಲು ಹೊರಗಿಡುವುದು ಮುಖ್ಯ. ತೀರಾ ತಣ್ಣಗಿದ್ದರೆ ನಾಲಿಗೆಗೆ ಸಿಹಿ ಹತ್ತುವುದಿಲ್ಲ. ಸ್ವಲ್ಪ ಸಡಿಲವಾದ ಮೇಲೆ ಅದೇ 3 ಗ್ರಾಂ ಸಾಕು ಅನಿಸುತ್ತದೆ. ತೆಂಗಿನ ಹಾಲಿನಲ್ಲಿ ಕೊಬ್ಬು ಜಾಸ್ತಿ ಇದೆ ಎಂಬುದನ್ನೂ ಮರೆಯಬಾರದು. ಅದಕ್ಕೇ ಬಟ್ಟಲು ಸಣ್ಣದು.

ಪಕ್ಕದ ಮನೆಯ ಅಕ್ಕ ಬಂದಿದ್ದಾಗ ಹೇಳಿದರು, "ಸಕ್ಕರೆ ಯಾಕೆ ಮಾರಾಯ್ತಿ, ಬೆಲ್ಲ ಹಾಕು. ಬೆಲ್ಲದಿಂದ ಏನೂ ಆಗ್ಲಿಕ್ಕಿಲ್ಲ." ತುಂಬಾ ಮನೆಗಳಲ್ಲಿ ಈ ನಂಬಿಕೆ ಇದೆ. ಬೆಲ್ಲ, ಜೇನು, ಖರ್ಜೂರದ ಪೇಸ್ಟ್ ಯಾವುದಾದರೂ ರಕ್ತಕ್ಕೆ ಹೋಗುವಾಗ ಸಕ್ಕರೆಯೇ. ರುಚಿಗೆ ಬೆಲ್ಲ ಹಾಕುವುದಾದರೆ ಹಾಕಿ, ಆದರೆ ಅದನ್ನೂ ತೂಗಿಯೇ ಹಾಕಿ.

ಬೇಸಿಗೆಯಲ್ಲಿ ಪುನರ್ಪುಳಿ (ಕೋಕಂ) ಐಸ್ ಕ್ಯಾಂಡಿ ಇನ್ನೂ ಸುಲಭ. ಒಣ ಸಿಪ್ಪೆ ನೆನೆಹಾಕಿದ ನೀರು, ಉಪ್ಪು, ಹುರಿದ ಜೀರಿಗೆ ಪುಡಿ, ಅರ್ಧ ಲೀಟರಿಗೆ ಎರಡು ಟೀ ಚಮಚ ಸಕ್ಕರೆ. ಹುಳಿ ಮತ್ತು ಉಪ್ಪು ಮುಂದೆ ಬರುವುದರಿಂದ ಸಿಹಿ ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ. ಮಕ್ಕಳೂ ಅಂಗಡಿಯ ಬಣ್ಣದ ಕ್ಯಾಂಡಿ ಕೇಳುವುದು ಕಡಿಮೆಯಾಯಿತು.

ಈಗ ಭಾನುವಾರದ ಗಡ್‌ಬಡ್ ಮನೆಯಲ್ಲೇ. ಅಮ್ಮನ ಹಳೆಯ ಉದ್ದ ಗ್ಲಾಸು ಬೇಕೇ ಬೇಕು. ಬಟ್ಟಲಿನಲ್ಲಿ ಕೊಟ್ಟರೆ ಅಪ್ಪಯ್ಯ ಅದನ್ನು ಗಡ್‌ಬಡ್ ಎಂದು ಒಪ್ಪುವುದಿಲ್ಲ. ಕೆಳಗೆ ಪಪ್ಪಾಯಿ ಹೋಳು, ಮೇಲೆ ಬೊಂಡದ ಐಸ್‌ಕ್ರೀಮ್, ಅಂಗಡಿಯ ವೆನಿಲಾ ತೂಗಿ 30 ಗ್ರಾಂ, ನಾಲ್ಕು ಗೋಡಂಬಿ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ಸಕ್ಕರೆ ನೋಡಿ ಪುಸ್ತಕದಲ್ಲಿ ಬರೆಯುತ್ತೇವೆ. ಕಳೆದ ಸಲದ ಎಚ್‌ಬಿಎ1ಸಿ 6.7. ಮಾತ್ರೆ, ನಡಿಗೆ, ಅನ್ನ ಎಲ್ಲದರ ಪಾಲೂ ಅದರಲ್ಲಿದೆ.

ಮೊದಲ ಸಲ ಗ್ಲಾಸು ಕೈಗೆ ಕೊಟ್ಟಾಗ ಅಪ್ಪಯ್ಯ ಕೇಳಿದ್ದು, "ಜೆಲ್ಲಿ ಎಲ್ಲಿ ಮಗಾ?" ಪುನರ್ಪುಳಿ ನೀರಲ್ಲೇ ಚೀನಾ ಗ್ರಾಸ್ ಹಾಕಿ ಕುದಿಸಿ ನೋಡಿದೆ, ಹುಳಿಗೆ ಅದು ಗಟ್ಟಿಯಾಗಲೇ ಇಲ್ಲ. ಆಮೇಲೆ ಬರೀ ನೀರಿನಲ್ಲಿ ಚೀನಾ ಗ್ರಾಸ್ ಪೂರ್ತಿ ಕರಗಿಸಿ, ಒಲೆ ಆರಿಸಿ, ಬೆಚ್ಚಗಿನ ಪುನರ್ಪುಳಿ ನೀರು ಸೇರಿಸಿದೆ. ತಟ್ಟೆಯಲ್ಲಿ ಕಡುಕೆಂಪಾಗಿ ನಿಂತಿತು. ಚೌಕವಾಗಿ ಕತ್ತರಿಸಿ ಗ್ಲಾಸಿನ ಅಡಿಗೆ ಹಾಕಿದೆ. ಅಪ್ಪಯ್ಯ ಉದ್ದ ಚಮಚವನ್ನು ಸೀದಾ ಅಡಿಗೇ ಇಳಿಸಿ, ಮೊದಲು ಅದನ್ನೇ ತೆಗೆದರು.